ತೋಟದ ದಾರಿಯಲ್ಲಿ ಎತ್ತರದ ಗಾಡಿಗೆ ಜಾಕಿ ಕೊಡುವಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳ ಒಳದಾರಿಯಲ್ಲಿ ಓಡುವ ಫೋರ್ ವೀಲ್ ಡ್ರೈವ್ ಜೀಪು ಮತ್ತು ಪಿಕಪ್‌ಗಳ ಟಯರ್ ಪಂಕ್ಚರ್ ಆದಾಗ ಗಾಡಿ ನಿಂತಿರುವುದು ಸಾಮಾನ್ಯವಾಗಿ ಕೆಸರಿನಲ್ಲಿ, ಇಳಿಜಾರಿನಲ್ಲಿ ಅಥವಾ ಸಡಿಲ ಜಲ್ಲಿಯ ಮೇಲೆ. ಗಾಡಿಯೊಂದಿಗೆ ಬರುವ ಜಾಕಿಯನ್ನಾದರೋ ಗಟ್ಟಿಯಾದ, ಸಮತಟ್ಟಾದ ನೆಲಕ್ಕೆಂದು ಮಾಡಿರುತ್ತಾರೆ. ಹೀಗಾಗಿ ಗಾಡಿ ಏಳದಿದ್ದಾಗ ಎಲ್ಲರೂ ಮೊದಲು ಜಾಕಿಯನ್ನೇ ದೂರುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಜಾಕಿಯ ಒಳಗೆ ಕೆಟ್ಟಿರುವುದು ಅಪರೂಪ. ಅದರ ಬುಡದ ನೆಲ, ಅದು ತಾಗುವ ಜಾಗ ಅಥವಾ ನೆಲದ ಮೇಲೆ ಉಳಿದ ಮೂರು ಚಕ್ರಗಳು, ಇವುಗಳಲ್ಲಿ ಒಂದು ಸರಿಯಿರುವುದಿಲ್ಲ. ಆದ್ದರಿಂದ ಖರ್ಚಿಲ್ಲದೆ ಕಣ್ಣಿನಿಂದಲೇ ನೋಡಬಹುದಾದವುಗಳನ್ನು ಮೊದಲು ವಿವರಿಸಿ, ಜಾಕಿಯ ಒಳಗಿನ ದೋಷಗಳನ್ನು ನಂತರಕ್ಕೆ ಇಟ್ಟಿದ್ದೇನೆ.

ಯಾವ ಲಕ್ಷಣವೇ ಇರಲಿ, ಒಂದು ನಿಯಮ ಎಲ್ಲಕ್ಕೂ ಅನ್ವಯಿಸುತ್ತದೆ. ಜಾಕಿಯ ಮೇಲೆ ಮಾತ್ರ ನಿಂತಿರುವ ಗಾಡಿಯ ಅಡಿಗೆ ತಲೆ, ತೋಳು, ಕಾಲು ಯಾವುದನ್ನೂ ಚಾಚಬಾರದು. ಅಡಿಯಲ್ಲಿ ಕೆಲಸವಿದ್ದರೆ ಶೆಡ್ಡಿನಲ್ಲಿ ಆಕ್ಸಲ್ ಸ್ಟ್ಯಾಂಡ್ (ಗಾಡಿಯ ಭಾರ ಹೊರುವ ಕಬ್ಬಿಣದ ಆಧಾರ) ಕೊಟ್ಟ ಮೇಲೆಯೇ ಇಳಿಯಬೇಕು. ದಾರಿಯಲ್ಲಿ ಟಯರ್ ಬದಲಿಸುವಾಗ ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ಚಾಸಿಯ ಅಡಿಗೆ ಮಲಗಿಸಿಡಬೇಕು. ಗಾಡಿ ಜಾರಿ ಬಿದ್ದರೂ ಅದು ಚಕ್ರದ ಮೇಲೆ ಕೂರುತ್ತದೆಯೇ ಹೊರತು ನೆಲಕ್ಕೆ ಮುಟ್ಟುವುದಿಲ್ಲ. ಸ್ಟೆಪ್ನಿಯನ್ನು ಹೊರಗೆಳೆದು ಹಾಕುವಾಗ ಬಿಚ್ಚಿದ ಚಕ್ರವನ್ನು ಅದೇ ಜಾಗಕ್ಕೆ ತಳ್ಳಬೇಕು. ಪಕ್ಕದಲ್ಲಿ ಬಿದ್ದಿರುತ್ತವೆಂದು ಹಾಲೋ ಬ್ಲಾಕ್ ಅಥವಾ ಜಂಬಿಟ್ಟಿಗೆ ಕಲ್ಲನ್ನು ಆಧಾರವಾಗಿ ಇಡುವವರಿದ್ದಾರೆ. ಅಂಚಿನ ಮೇಲೆ ಭಾರ ಬಿದ್ದಾಗ ಇವೆರಡೂ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಲಕ್ಷಣ: ಜಾಕಿ ಉದ್ದವಾಗುತ್ತಿದೆ, ಗಾಡಿ ಮೇಲೇಳುತ್ತಿಲ್ಲ

ಜಾಕಿಯ ಬುಡವನ್ನು ನೋಡಿ. ಅದು ಮಣ್ಣಿನೊಳಗೆ ಇಳಿಯುತ್ತಿದ್ದರೆ ನೀವು ತಿರುಗಿಸಿದ ಪ್ರತಿ ಸುತ್ತೂ ಗಾಡಿಯನ್ನು ಎತ್ತುವ ಬದಲು ಜಾಕಿಯನ್ನು ಹೂಳುತ್ತಿದೆ. ಟಯರ್ ಹೂಳದ ನೆಲದಲ್ಲಿ ಜಾಕಿ ಏಕೆ ಹೂಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. 30 ಪಿಎಸ್‌ಐ ಗಾಳಿಯಿರುವ ಟಯರ್ ನೆಲವನ್ನು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಭಾರದಿಂದ ಒತ್ತುತ್ತದೆ. ಜಾಕಿಯ ಬುಡ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲವಿದ್ದು ಗಾಡಿಯ ಒಂದು ಮೂಲೆಯ ಭಾರ 600 ಕಿಲೋ ಇದ್ದರೆ, ಅದೇ ಮಣ್ಣಿನ ಮೇಲೆ ಚದರ ಸೆಂಟಿಮೀಟರಿಗೆ 6 ಕಿಲೋ ಬೀಳುತ್ತದೆ. ಅಡಿಗೆ 40 ಸೆಂ.ಮೀ. ಚೌಕದ ಹಲಗೆಯಿಟ್ಟರೆ ಈ ಒತ್ತಡ 0.4 ಕಿಲೋಗಿಂತಲೂ ಕೆಳಗಿಳಿಯುತ್ತದೆ. ಅಂದರೆ ಟಯರಿನ ಒತ್ತಡದ ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಜಾಕಿ ಇಡುವ ಜಾಗವನ್ನು ಮೊದಲು ಹಿಮ್ಮಡಿಯಿಂದ ಬಲವಾಗಿ ಒತ್ತಿ ನೋಡಿ. ಹಿಮ್ಮಡಿಯ ಗುರುತು ಆಳವಾಗಿ ಮೂಡಿದರೆ ಹಲಗೆಯಿಲ್ಲದೆ ಅಲ್ಲಿ ಜಾಕಿ ನಿಲ್ಲುವುದಿಲ್ಲ. ಹಲಗೆ 4ರಿಂದ 5 ಸೆಂ.ಮೀ. ದಪ್ಪದ ಮತ್ತಿ ಅಥವಾ ಹೊನ್ನೆಯಂತಹ ಗಟ್ಟಿ ಮರದ್ದಾಗಿರಲಿ. ಪ್ಲೈವುಡ್ ಆದರೆ 19 ಮಿ.ಮೀ.ನ ಎರಡು ತುಂಡುಗಳನ್ನು ಅಂಟು ಹಾಕಿ ಸ್ಕ್ರೂ ಬಿಗಿದು ಒಂದಾಗಿಸಿಕೊಳ್ಳಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನೆಯ ಹಲಗೆ ಎಳೆಯುದ್ದಕ್ಕೂ ಸೀಳುತ್ತದೆ. ಇಡುವ ಮುನ್ನ ಮೇಲಿನ ಸಡಿಲ ಮಣ್ಣು, ತರಗೆಲೆ, ಗೊಬ್ಬರವನ್ನು ಗುದ್ದಲಿಯಿಂದ ಕೆರೆದು ತೆಗೆದು ಹಲಗೆ ಪೂರ್ತಿಯಾಗಿ ನೆಲಕ್ಕೆ ಕೂರುವಂತೆ ಮಾಡಬೇಕು.

ಎತ್ತುತ್ತಿರುವಾಗ ಹಲಗೆಯ ಒಂದು ಅಂಚು ಮಾತ್ರ ಕುಸಿದರೆ ಅಲ್ಲಿಗೇ ನಿಲ್ಲಿಸಿ, ಇಳಿಸಿ, ನೆಲ ಸಮ ಮಾಡಿ ಮತ್ತೆ ಆರಂಭಿಸಿ. ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಒಳಬದಿಯ ನೆಲ ಮೂಲದ್ದು, ಹೊರಬದಿಯದು ತುಂಬಿಸಿದ ಮಣ್ಣು. ಮಳೆಗಾಲದಲ್ಲಿ ಹೊರಬದಿಯ ಅಂಚಿಗೆ ಜಾಕಿ ಕೊಟ್ಟರೆ ಹಲಗೆಯೂ ರಕ್ಷಿಸದು. ಟಯರ್ ಹಾಳಾದರೂ ಚಿಂತೆಯಿಲ್ಲವೆಂದು ಗಾಡಿಯನ್ನು ನಿಧಾನವಾಗಿ ಗಟ್ಟಿ ನೆಲದವರೆಗೆ ಓಡಿಸುವುದೇ ಸರಿ. ಟಯರಿನ ಬೆಲೆ ಗಾಡಿಗಿಂತಲೂ ಮನುಷ್ಯರಿಗಿಂತಲೂ ಬಹಳ ಕಡಿಮೆ.

ಲಕ್ಷಣ: ಬಾಡಿ ಮೇಲೇಳುತ್ತಿದೆ, ಚಕ್ರ ನೆಲ ಬಿಡುತ್ತಿಲ್ಲ

ಇದು ಎತ್ತರಿಸಿದ ಗಾಡಿಗಳಲ್ಲಿ ಬಹಳ ಸಾಮಾನ್ಯ. ಜಾಕಿಯನ್ನು ಚಾಸಿಗೆ ಅಥವಾ ಬಂಪರಿಗೆ ಕೊಟ್ಟಾಗ ಮೊದಲು ಸ್ಪ್ರಿಂಗ್ ಸಡಿಲಗೊಂಡು ಆಕ್ಸಲ್ ಕೆಳಕ್ಕೆ ಜೋಲುತ್ತದೆ. ಕಲ್ಲುಬಂಡೆಗಳ ದಾರಿಗೆಂದು ಉದ್ದನೆಯ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿದ ಗಾಡಿಯಲ್ಲಿ ಈ ಜೋಲು ಇನ್ನೂ ಹೆಚ್ಚು. ಅದು ಪೂರ್ತಿ ಮುಗಿಯುವವರೆಗೆ ಚಕ್ರ ನೆಲದಲ್ಲೇ ಇರುತ್ತದೆ. ಅಷ್ಟರಲ್ಲಿ ಬಾಡಿ ಅಪಾಯಕಾರಿ ಎತ್ತರಕ್ಕೆ ಏರಿರುತ್ತದೆ. ಜಾಕಿ ಕೆಟ್ಟಿಲ್ಲ, ಜಾಗ ತಪ್ಪಿದೆ.

ಹಿಂಭಾಗದಲ್ಲಿ ಇಡೀ ಆಕ್ಸಲ್, ಅಂದರೆ ಎರಡು ಚಕ್ರಗಳನ್ನೂ ಸೇರಿಸುವ ಒಂದೇ ಅಚ್ಚು, ಇರುವ ಗಾಡಿಗಳಲ್ಲಿ ಪರಿಹಾರ ಸುಲಭ. ಥಾರ್, ಜಿಮ್ನಿ, ಜಿಪ್ಸಿ, ಇಸುಜು ವಿ-ಕ್ರಾಸ್, ಹೈಲಕ್ಸ್ ಎಲ್ಲದರಲ್ಲೂ ಹಿಂದಿನದು ಇಡೀ ಆಕ್ಸಲ್. ಜಿಪ್ಸಿ ಮತ್ತು ಜಿಮ್ನಿಗಳಲ್ಲಿ ಮುಂದಿನದೂ ಹೌದು. ಇವುಗಳಲ್ಲಿ ಪಂಕ್ಚರ್ ಆದ ಚಕ್ರದ ಸಮೀಪ, ಸ್ಪ್ರಿಂಗ್ ಕೂರುವ ಜಾಗದ ಪಕ್ಕದಲ್ಲಿ ಆಕ್ಸಲ್ ಕೊಳವೆಗೆ ಬಾಟಲ್ ಜಾಕಿ (ಎಣ್ಣೆಯ ಒತ್ತಡದಿಂದ ಏರುವ ಕುಳ್ಳು ಜಾಕಿ) ಕೊಟ್ಟರೆ ಕೆಲವೇ ಸೆಂಟಿಮೀಟರಿನಲ್ಲಿ ಚಕ್ರ ನೆಲ ಬಿಡುತ್ತದೆ, ಬಾಡಿ ಹೆಚ್ಚು ಏಳುವುದೇ ಇಲ್ಲ. ನಡುವಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗೂಡು) ಉಬ್ಬಿಗೆ ಜಾಕಿ ಕೊಡಬೇಡಿ. ಅಲ್ಲಿ ಗಾಡಿ ಎರಡೂ ಕಡೆಗೆ ತೂಗಾಡುತ್ತದೆ, ತೆಳುವಾದ ಮುಚ್ಚಳ ಒಳಕ್ಕೆ ಬಾಗಿ ಎಣ್ಣೆ ಸೋರಲು ಆರಂಭವಾಗುವುದೂ ಉಂಟು. ಕೊಳವೆಯ ಪಕ್ಕದಲ್ಲಿ ಹಾದುಹೋಗುವ ಬ್ರೇಕ್ ಪೈಪನ್ನು ಕಣ್ಣಾರೆ ನೋಡಿಕೊಳ್ಳಬೇಕು.

2020ರ ನಂತರದ ಥಾರ್ ಮತ್ತು ವಿ-ಕ್ರಾಸ್, ಹೈಲಕ್ಸ್‌ನಂತಹ ಪಿಕಪ್‌ಗಳ ಮುಂಭಾಗದಲ್ಲಿ ಎರಡು ಚಕ್ರಗಳು ಸ್ವತಂತ್ರವಾಗಿ ಆಡುತ್ತವೆ. ಅಲ್ಲಿ ಇಡೀ ಆಕ್ಸಲ್ ಇರುವುದಿಲ್ಲ. ರಬ್ಬರ್ ಬೂಟಿರುವ ಡ್ರೈವ್ ಶಾಫ್ಟ್, ಸ್ಟಿಯರಿಂಗ್ ರಾಡ್, ಎಂಜಿನ್ ಆಯಿಲ್ ಸಂಪ್ ಇವುಗಳಿಗೆ ಜಾಕಿ ತಾಗಲೇಬಾರದು. ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಗುರುತು ಮಾಡಿದ ಜಾಗವನ್ನೇ ಬಳಸಿ. ಪೇಟೆಯಲ್ಲಿ ಹಾಕಿಸಿದ ಪಕ್ಕದ ಫುಟ್‌ಸ್ಟೆಪ್ ಕಾಲಿಡಲು ಮಾತ್ರ; ಚಾಸಿಗೆ ವೆಲ್ಡ್ ಅಥವಾ ಬೋಲ್ಟ್ ಮಾಡಿದ ದಪ್ಪ ಕೊಳವೆಯ ಸ್ಲೈಡರ್ ಬೇರೆ, ಇದು ಬೇರೆ. ಎರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವುದರಿಂದ ಒಳಬದಿಯಲ್ಲಿ ಅವು ಎಲ್ಲಿಗೆ ಸೇರುತ್ತವೆ ಎಂದು ಬಗ್ಗಿ ನೋಡಬೇಕು.

ಲಕ್ಷಣ: ಜಾಕಿ ಅಡಿಗೆ ಹೋಗುತ್ತಿಲ್ಲ, ಅಥವಾ ಮೇಲಕ್ಕೆ ಮುಟ್ಟುತ್ತಿಲ್ಲ

ಅಡಿಗೆ ಹೋಗದಿರುವುದು ಗಾಳಿ ಪೂರ್ತಿ ಇಳಿದ ಟಯರಿನ ತೊಂದರೆ. ಆಕ್ಸಲ್ ನೆಲಕ್ಕೆ ಹತ್ತಿರವಾಗಿರುತ್ತದೆ. ಚಕ್ರದ ಮುಂದೆ ಚಪ್ಪಟೆ ಹಲಗೆಯಿಟ್ಟು ಗಾಡಿಯನ್ನು ಅದರ ಮೇಲಕ್ಕೆ ಹತ್ತಿಸಿದರೆ ಬೇಕಾದ ಎಡೆ ಸಿಗುತ್ತದೆ. ಆಕ್ಸಲ್ ಅಡಿಯ ಮಣ್ಣು ಕೆರೆಯುವುದು ಎರಡನೆಯ ದಾರಿ. ಕೆರೆದ ಗುಂಡಿಯ ತಳವೂ ಸಮವಾಗಿರಬೇಕು, ಕೈ ಒಳಗೆ ಹಾಕದೆ ಉದ್ದ ಹಿಡಿಯ ಗುದ್ದಲಿಯನ್ನೇ ಬಳಸಬೇಕು.

ಮೇಲಕ್ಕೆ ಮುಟ್ಟದಿರುವುದನ್ನು ಅರ್ಥ ಮಾಡಿಕೊಳ್ಳಲು ಎತ್ತರ ಎಲ್ಲಿಂದ ಬಂತೆಂದು ತಿಳಿಯಬೇಕು. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು 5 ಸೆಂ.ಮೀ. ಎತ್ತರಿಸಿದರೆ ಚಾಸಿ ಏರುತ್ತದೆ, ಇಡೀ ಆಕ್ಸಲ್ ಮೊದಲಿದ್ದಲ್ಲೇ ಇರುತ್ತದೆ. ಟಯರ್ ದೊಡ್ಡದಾದರೆ ಮಾತ್ರ ಆಕ್ಸಲ್ ಏರುತ್ತದೆ, ಅದೂ ವ್ಯಾಸದ ವ್ಯತ್ಯಾಸದ ಅರ್ಧದಷ್ಟು. 245/75 ಆರ್ 16 ಟಯರಿನ ವ್ಯಾಸ ಸುಮಾರು 774 ಮಿ.ಮೀ.; ಅದರ ಬದಲಿಗೆ 285/75 ಆರ್ 16 ಹಾಕಿದರೆ ಸುಮಾರು 834 ಮಿ.ಮೀ. ವ್ಯತ್ಯಾಸ 60 ಮಿ.ಮೀ., ಆಕ್ಸಲ್ ಏರುವುದು 30 ಮಿ.ಮೀ. ಅಷ್ಟನ್ನು ಜಾಕಿಯ ಅಡಿಯ ದಪ್ಪ ಹಲಗೆಯೇ ತುಂಬಿಕೊಡುತ್ತದೆ. ಹೊಸ ಜಾಕಿ ಕೊಳ್ಳುವ ಮುನ್ನ ಈ ಲೆಕ್ಕ ಹಾಕಿದವರಿಗೆ ಅನೇಕ ವೇಳೆ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಎತ್ತರ ಸಾಲದೆಂದು ಜಾಕಿಯ ತಲೆಯ ಮೇಲೆ ಮರದ ತುಂಡನ್ನು ಇಡಬಾರದು. ತುಂಬಿಕೆ ಯಾವಾಗಲೂ ಬುಡದಲ್ಲಿ, ಅಗಲವಾಗಿ ಇರಬೇಕು. ಒಂದರ ಮೇಲೊಂದು ಹಲಗೆ ಜೋಡಿಸುವಾಗ ಕೆಳಗಿನದು ದೊಡ್ಡದಿದ್ದು ಎಳೆಗಳು ಅಡ್ಡಡ್ಡ ಬರುವಂತಿರಬೇಕು.

ಲಕ್ಷಣ: ಚಕ್ರ ನೆಲ ಬಿಟ್ಟೊಡನೆ ಗಾಡಿ ಕದಲುತ್ತದೆ

ಇದು ಈ ಬರಹದ ಅತಿ ಗಂಭೀರ ಲಕ್ಷಣ. ಹ್ಯಾಂಡ್ ಬ್ರೇಕ್ ಎಳೆದಿದೆ, ಗೇರ್ ಹಾಕಿದೆ, ಆದರೂ ಹಿಂದಿನ ಒಂದು ಚಕ್ರ ಎದ್ದೊಡನೆ ಗಾಡಿ ಮುಂದಕ್ಕೆ ಅಥವಾ ಹಿಂದಕ್ಕೆ ಸರಿದು ಜಾಕಿಯನ್ನು ಬೀಳಿಸುತ್ತದೆ. ಕಾರಣ ಡಿಫರೆನ್ಷಿಯಲ್‌ನಲ್ಲಿದೆ. ಗೇರ್ ಹಾಕಿದಾಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ತಿರುಗದಂತೆ ನಿಲ್ಲುವುದು ನಿಜ. ಆದರೆ ಲಾಕ್ ಇಲ್ಲದ ಡಿಫರೆನ್ಷಿಯಲ್‌ನಲ್ಲಿ ಶಾಫ್ಟ್ ನಿಂತಿದ್ದರೂ ಎರಡು ಚಕ್ರಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಬಲ್ಲವು. ನೆಲದ ಮೇಲಿರುವ ಚಕ್ರ ಮುಂದಕ್ಕೆ ಉರುಳುತ್ತದೆ, ಗಾಳಿಯಲ್ಲಿರುವುದು ಹಿಂದಕ್ಕೆ ಸುತ್ತುತ್ತದೆ, ಗಾಡಿ ಹೊರಟುಬಿಡುತ್ತದೆ. ಆಟೊಮ್ಯಾಟಿಕ್ ಗಾಡಿಯ ‘ಪಿ’ (ಪಾರ್ಕಿಂಗ್) ಸ್ಥಾನಕ್ಕೂ ಇದೇ ಮಿತಿಯಿದೆ.

ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರಗಳ ಮೇಲೆ ಕೆಲಸ ಮಾಡುವ ಗಾಡಿಯಲ್ಲಿ ಒಂದು ಚಕ್ರ ಎದ್ದ ಮೇಲೆ ಹಿಡಿತ ಉಳಿಯುವುದು ಇನ್ನೊಂದರಲ್ಲಿ ಮಾತ್ರ. ಕೆಸರು ನೀರು ಹೊಕ್ಕ ಡ್ರಮ್ ಆದರೆ ಅದೂ ಅರ್ಧಂಬರ್ಧ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳ ಬದಲು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಶಾಫ್ಟನ್ನೇ ಹಿಡಿಯುತ್ತದೆ. ಅಂತಹ ಜೀಪಿನ ಹಿಂದಿನ ಒಂದು ಚಕ್ರ ಎತ್ತಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಇಂತಹ ಗಾಡಿ ತೋಟಗಳಲ್ಲಿ ಇನ್ನೂ ಓಡುತ್ತಿರುವುದರಿಂದ ಓಡಿಸುವ ಪ್ರತಿಯೊಬ್ಬರಿಗೂ ಇದನ್ನು ಹೇಳಿಕೊಡಲೇಬೇಕು.

ಪರೀಕ್ಷೆಯೂ ಪರಿಹಾರವೂ ಹೀಗೆ. ಎತ್ತುವ ಮೊದಲು ಟ್ರಾನ್ಸ್‌ಫರ್ ಕೇಸನ್ನು ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನ ಗೇರ್ ಸ್ಥಾನ) ಹಾಕಿ, ಗಾಡಿಯನ್ನು ಒಂದೆರಡು ಅಡಿ ಚಲಾಯಿಸಿ ಮುಂದಿನ ಹಬ್‌ಗಳು (ಚಕ್ರವನ್ನು ಶಾಫ್ಟಿಗೆ ಸೇರಿಸುವ ಗುಂಬಗಳು) ನಿಜವಾಗಿ ಕೂಡಿಕೊಂಡವೆಂದು ಖಚಿತಪಡಿಸಿಕೊಂಡು, ನಂತರ ಎಂಜಿನ್ ನಿಲ್ಲಿಸಿ ಗೇರಿನಲ್ಲಿ ಬಿಡಿ. ಕೈಯಿಂದ ತಿರುಗಿಸುವ ಫ್ರೀ ವೀಲ್ ಹಬ್ ಇದ್ದರೆ ಇಳಿದು ಎರಡನ್ನೂ ಲಾಕ್ ಮಾಡಿ. ಆಗ ಮುಂದಿನ ಎರಡೂ ಚಕ್ರಗಳು ನೆಲದಲ್ಲಿದ್ದು ಶಾಫ್ಟಿನಿಂದ ಬಂಧಿತವಾಗುತ್ತವೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿ ಉಳಿದಿದ್ದರೆ ಗೇರ್ ಹಾಕಿದ್ದಕ್ಕೂ ‘ಪಿ’ಗೂ ಯಾವ ಅರ್ಥವೂ ಇಲ್ಲ, ಅದನ್ನು ಎರಡು ಬಾರಿ ನೋಡಿ.

ಇಷ್ಟಾದರೂ ಅಡೆಗಲ್ಲು ಬೇಕೇ ಬೇಕು. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಇಳಿಜಾರಿನ ಬದಿಯಿಂದ ಮೊದಲು, ಮೇಲಿನ ಬದಿಯಿಂದ ನಂತರ, ಕೋನವಾಗಿ ಕಡಿದ ಮರದ ತುಂಡು ಅಥವಾ ಚೂಪು ಅಂಚಿನ ಕಲ್ಲನ್ನು ಒದ್ದು ಕೂರಿಸಿ. ಉರುಟು ಕಲ್ಲು ಚಕ್ರದೊಂದಿಗೆ ತಾನೂ ಉರುಳುತ್ತದೆ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರಿನ ಮೇಲೆ ನಿಂತು ತುಳಿಯುವುದು ಗಾಡಿಯನ್ನು ಜಾಕಿಯಿಂದ ತಳ್ಳಿದಂತೆ. ಎಲ್ಲ ಮುನ್ನೆಚ್ಚರಿಕೆಯ ನಂತರವೂ ಬಾಡಿಯನ್ನು ಕೈಯಿಂದ ತಳ್ಳಿದಾಗ ಗಾಡಿ ಸರಿದರೆ ಅಲ್ಲಿ ಜಾಕಿ ಕೊಡಬೇಡಿ. ಇನ್ನೊಂದು ಗಾಡಿ ಬರುವವರೆಗೆ ಕಾಯಿರಿ.

ಲಕ್ಷಣ: ಜಾಕಿ ವಾಲುತ್ತಿದೆ

ಗಾಡಿಯ ಒಂದು ಮೂಲೆ ಏಳುವಾಗ ಅದು ನೇರ ಮೇಲಕ್ಕೆ ಹೋಗದೆ ಎದುರು ಚಕ್ರಗಳನ್ನು ಕೇಂದ್ರವಾಗಿಸಿ ಕಮಾನಿನ ದಾರಿಯಲ್ಲಿ ಸಾಗುತ್ತದೆ. ಹಾಗಾಗಿ ಜಾಕಿಯ ತಲೆ ಸ್ವಲ್ಪ ಪಕ್ಕಕ್ಕೆ ಸರಿಯುವುದು ಸಹಜ. ಹೆಚ್ಚು ಎತ್ತಿದಷ್ಟೂ ವಾಲು ಹೆಚ್ಚು. ಹತ್ತು ಹೆಜ್ಜೆ ದೂರ ನಿಂತು ನೋಡಿದಾಗ ವಾಲು ಸ್ಪಷ್ಟವಾಗಿ ಕಂಡರೆ ಇಳಿಸಿ, ಬುಡವನ್ನು ಸರಿಸಿ, ಮತ್ತೆ ಕೊಡಿ. ವಾಲಿದ ಜಾಕಿಯನ್ನು ಸುತ್ತಿಗೆಯಿಂದ ಹೊಡೆದು ನೆಟ್ಟಗೆ ಮಾಡುವ ಪ್ರಯತ್ನವನ್ನು ಯಾರೂ ಮಾಡಬಾರದು. ಚಕ್ರ ನೆಲದಿಂದ 5 ಸೆಂ.ಮೀ. ಎದ್ದರೆ ಸಾಕು, ಗಾಳಿ ತುಂಬಿದ ಸ್ಟೆಪ್ನಿ ಹಿಡಿಸಲಿಕ್ಕೆ ಅಡಿಯ ಮಣ್ಣನ್ನು ಕೆರೆದುಕೊಳ್ಳಬಹುದು.

ಲಕ್ಷಣ: ಬಾಟಲ್ ಜಾಕಿ ಏರುತ್ತಿಲ್ಲ, ಅಥವಾ ಏರಿ ತಾನಾಗಿ ಇಳಿಯುತ್ತಿದೆ

ಬುಡದ ಬಿಡುಗಡೆ ಸ್ಕ್ರೂ ಪೂರ್ತಿ ಮುಚ್ಚಿದೆಯೇ ಎಂದು ನೋಡಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಬೇಕು. ಅದು ಸರಿಯಿದ್ದೂ ಹಿಡಿ ಮೆತ್ತಗೆ ಕುಪ್ಪಳಿಸಿದಂತಾದರೆ ಒಳಗೆ ಗಾಳಿ ಸೇರಿದೆ. ಭಾರವಿಲ್ಲದೆ ಜಾಕಿಯನ್ನು ನೆಟ್ಟಗೆ ನಿಲ್ಲಿಸಿ, ಸ್ಕ್ರೂ ಸಡಿಲಿಸಿ, ಹಿಡಿಯನ್ನು ಹತ್ತು ಹದಿನೈದು ಬಾರಿ ಬೇಗ ಬೇಗ ಆಡಿಸಿ, ಮತ್ತೆ ಮುಚ್ಚಿ ಪರೀಕ್ಷಿಸಿ. ಸ್ವಲ್ಪ ದೂರ ಏರಿ ನಿಂತುಬಿಟ್ಟರೆ ಎಣ್ಣೆ ಕಡಿಮೆಯಾಗಿದೆ. ಕಂಬ ಪೂರ್ತಿ ಇಳಿದಿರುವಾಗ ಪಕ್ಕದ ರಬ್ಬರ್ ಬಿರಡೆ ತೆಗೆದು, ತೂತಿನ ಅಂಚಿನವರೆಗೆ ಹೈಡ್ರಾಲಿಕ್ ಜಾಕಿ ಎಣ್ಣೆ ತುಂಬಬೇಕು. ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ.

ಭಾರ ಹೊತ್ತು ನಿಧಾನವಾಗಿ ಇಳಿಯುವ ಜಾಕಿಯಲ್ಲಿ ವಾಲ್ವ್ ಗುಂಡಿನ ಮೇಲೆ ಕಸ ಕುಳಿತಿದೆ ಅಥವಾ ಸೀಲ್ ಸವೆದಿದೆ. ಎಣ್ಣೆ ಬದಲಿಸಿ ನೋಡಬಹುದು. ಆಮೇಲೂ ಇಳಿದರೆ, ಕಂಬದ ಸುತ್ತ ಎಣ್ಣೆ ಒಸರುತ್ತಿದ್ದರೆ, ಕಂಬದಲ್ಲಿ ಗೀರು ಅಥವಾ ಬಾಗು ಕಂಡರೆ ಅದನ್ನು ಹೈಡ್ರಾಲಿಕ್ ರಿಪೇರಿಯವರಿಗೆ ಕೊಡಿ ಅಥವಾ ಬದಲಿಸಿ. ಮನೆಯಲ್ಲಿ ಬಿಚ್ಚುವ ವಸ್ತು ಅಲ್ಲ. ಸರಕು ತುಂಬಿದ ಪಿಕಪ್ ಏಳದಿದ್ದರೆ ಜಾಕಿಯ ಮೇಲೆ ಬರೆದ ಟನ್ ಓದಿ, ಚೀಲಗಳನ್ನು ಇಳಿಸಿ ಮತ್ತೆ ಪ್ರಯತ್ನಿಸಿ. ಹಿಡಿಗೆ ಕೊಳವೆ ಸೇರಿಸಿ ಉದ್ದ ಮಾಡುವುದು ಸಲ್ಲದು.

ಲಕ್ಷಣ: ಹೈಲಿಫ್ಟ್ ಜಾಕಿ ಮೇಲೆಯೇ ಸಿಕ್ಕಿಕೊಂಡಿದೆ, ಅಥವಾ ಒಮ್ಮೆಲೇ ಕೆಳಗೆ ಬೀಳುತ್ತದೆ

ತೂತುಗಳ ಉದ್ದ ಪಟ್ಟಿಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಹತ್ತುವ ಈ ಜಾಕಿಯಲ್ಲಿ ಎರಡು ಪಿನ್‌ಗಳು ಸರದಿಯಂತೆ ತೂತಿಗೆ ಇಳಿಯುತ್ತವೆ. ಗಾಡಿಯ ಹಿಂದೆ ಬಯಲಿನಲ್ಲಿ ತೂಗುಹಾಕಿದ ಜಾಕಿಯ ಪಿನ್‌ಗಳಿಗೆ ಧೂಳು, ಕೆಸರು ಮೆತ್ತಿದರೆ ಅವು ಅಂಟುತ್ತವೆ. ನೀರಿನಿಂದ ತೊಳೆದು, ಒಣಗಿಸಿ, ತೆಳು ಎಣ್ಣೆ ಬಿಡಿ. ಗ್ರೀಸ್ ಹಚ್ಚಿದರೆ ಮರಳು ಇನ್ನಷ್ಟು ಕಚ್ಚುತ್ತದೆ. ಭಾರ ಹೊತ್ತಿರುವಾಗಲೇ ಸಿಕ್ಕಿಕೊಂಡರೆ ಗಾಡಿಗೆ ಬೇರೆ ಆಧಾರ ಕೊಟ್ಟು ಭಾರ ತಪ್ಪಿಸಿದ ನಂತರವೇ ಪಿನ್ ಮುಟ್ಟಬೇಕು.

ಒಮ್ಮೆಲೇ ಬೀಳುವುದು ಬೇರೆ ವಿಷಯ. ಇಳಿಸುವ ಗುಬ್ಬಿ (ಏರಿಸುವುದು, ಇಳಿಸುವುದನ್ನು ಬದಲಿಸುವ ಸಣ್ಣ ಹಿಡಿ) ಕೆಳಗಿರುವಾಗ ಜಾಕಿಯ ಮೇಲೆ ಸಾಕಷ್ಟು ಭಾರ, ಸುಮಾರು 70 ಕಿಲೋ, ಇಲ್ಲದಿದ್ದರೆ ಅದು ಹೆಜ್ಜೆ ಹಾಕದೆ ಜಾರಿಬಿಡುತ್ತದೆ. ಇದು ದೋಷವಲ್ಲ, ಅದರ ರಚನೆಯೇ ಹಾಗೆ. ಇದಕ್ಕಿಂತ ಭಯಂಕರವಾದದ್ದು ಹಿಡಿಯ ತಿರುಗೇಟು: ಇಳಿಸುವಾಗ ಗಾಡಿಯ ಭಾರ ಹಿಡಿಯನ್ನು ಮೇಲಕ್ಕೆ ದೂಡುತ್ತದೆ, ಕೈ ತಪ್ಪಿದರೆ ಅದು ದವಡೆಗೆ ಬಡಿಯುತ್ತದೆ. ಹಿಡಿ ಮತ್ತು ಪಟ್ಟಿಯ ನಡುವಿನ ಜಾಗಕ್ಕೆ ತಲೆ ತರದೆ, ಪಕ್ಕಕ್ಕೆ ನಿಂತು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಪ್ರತಿ ಹೆಜ್ಜೆಯನ್ನೂ ಪೂರ್ತಿ ಮುಗಿಸಬೇಕು. ವಿರಮಿಸುವಾಗ ಹಿಡಿಯನ್ನು ಪಟ್ಟಿಗೆ ಒತ್ತಿ ಕಟ್ಟಿಡಿ. ಪ್ಲಾಸ್ಟಿಕ್ ಬಂಪರಿನ ಗಾಡಿಗೆ ಈ ಜಾಕಿ ಹೊಂದುವುದೇ ಇಲ್ಲ.

ಲಕ್ಷಣ: ಕೆಸರಿನಲ್ಲಿ ಹೂತ ಚಕ್ರ ಮೇಲೆ ಬರುತ್ತಿಲ್ಲ

ಹದ ಕೆಸರು ಚಕ್ರವನ್ನು ಹೀರಿ ಹಿಡಿಯುತ್ತದೆ. ಆಗ ಜಾಕಿ ಗಾಡಿಯ ಭಾರದ ಜೊತೆಗೆ ಈ ಸೆಳೆತವನ್ನೂ ಎತ್ತಬೇಕು. ಹಿಡಿ ಅಸಹಜವಾಗಿ ಬಿಗಿಯಾದರೆ ಬಲ ಹಾಕುವುದನ್ನು ಬಿಟ್ಟು ಟಯರ್ ಸುತ್ತ ಅಗೆದು, ಗಾಳಿ ಮತ್ತು ನೀರು ಅಡಿಗೆ ನುಗ್ಗಲು ಬಿಡಿ. ಸೈಲೆನ್ಸರ್ ಹೊಗೆಯಿಂದ ಉಬ್ಬುವ ಚೀಲದ ಜಾಕಿ ಇಂತಹ ಕಡೆ ಉಪಯುಕ್ತ, ಏಕೆಂದರೆ ಅದರ ಬುಡವೇ ಅಗಲ. ಅಡಿಗೂ ಮೇಲೂ ದಪ್ಪ ರಬ್ಬರ್ ಹಾಸು ಹಾಕಿ ಚೂಪು ಕಲ್ಲು ಮತ್ತು ಬಿಸಿ ಸೈಲೆನ್ಸರಿನಿಂದ ಚೀಲವನ್ನು ಕಾಪಾಡಬೇಕು. ಎಂಜಿನ್ ಓಡುತ್ತಿರುವುದರಿಂದ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಅಡೆಗಲ್ಲು ಗಟ್ಟಿಯಾಗಿರಬೇಕು, ಚಾಲಕ ಸೀಟಿನಲ್ಲೇ ಕುಳಿತು ಕಾಲಿನ ಬ್ರೇಕ್ ಒತ್ತಿರಬೇಕು. ಚೀಲದ ಮೇಲೆ ಗಾಡಿ ಓಲಾಡುವುದರಿಂದ ಚಕ್ರದ ಗುಳಿಗೆ ಕಲ್ಲು, ಹಲಗೆಯನ್ನು ಸನಿಕೆಯಿಂದ ತಳ್ಳಲು ಮಾತ್ರ ಅದನ್ನು ಬಳಸಿ. ಅದರ ಮೇಲಿಟ್ಟು ಟಯರ್ ಬಿಚ್ಚಬೇಡಿ.

ಡೀಸೆಲ್ ವಾಸನೆ ಬಂದರೆ, ಗಾಡಿ ಪ್ರಪಾತದ ಕಡೆಗೆ ವಾಲಿದ್ದರೆ, ಮಳೆಯಲ್ಲಿ ದಾರಿಯ ಅಂಚು ಬಿರುಕು ಬಿಟ್ಟಿದ್ದರೆ ಎಲ್ಲರನ್ನೂ ಇಳಿಸಿ ಮೇಲಿನ ಬದಿಗೆ ಕಳುಹಿಸಿ, ವಿಂಚ್ ಅಥವಾ ಟ್ರ್ಯಾಕ್ಟರ್ ಇರುವವರನ್ನು ಕರೆಯಿರಿ. ಯಾರಾದರೂ ಗಾಡಿಯ ಅಡಿಗೆ ಸಿಕ್ಕಿಬಿದ್ದರೆ ತಕ್ಷಣ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿಸಿ. ಗಾಡಿ ಇನ್ನಷ್ಟು ಇಳಿಯದಂತೆ ಸ್ಟೆಪ್ನಿ, ದಿಮ್ಮಿಗಳನ್ನು ತುರುಕಿದ ನಂತರವೇ ಎತ್ತಲು ತೊಡಗಿ.

ಟಯರ್ ಬದಲಿಸಿ ಇಳಿಸಿದ ಮೇಲೆ ನಟ್‌ಗಳನ್ನು ಒಂದರ ಎದುರಿಗೆ ಇನ್ನೊಂದರಂತೆ ಅಡ್ಡಡ್ಡವಾಗಿ ಬಿಗಿಯಿರಿ. ಫೋರ್ ಲೋ ತೆಗೆದು, ಹಬ್ ಬಿಡಿಸಿ, ಅಡೆಗಲ್ಲುಗಳನ್ನು ದಾರಿಯಿಂದ ಪಕ್ಕಕ್ಕೆ ಹಾಕಿ. ಸುಮಾರು 50 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಹಲಗೆಯ ಕೆಸರು ತೊಳೆದು ಬಿರುಕು ನೋಡಿ. ಸೀಳು ಕಂಡ ಹಲಗೆಯನ್ನು ಗಾಡಿಗೆ ಮರಳಿ ಹಾಕಬೇಡಿ.